ಆರರ ಲೆಕ್ಕ, ಮತ್ತು ನೀನು ಕೇಳದ ಇನ್ನೊಂದು

ನನ್ನ ಬಕೆಟ್ ಪಾರ್ಟ್‌ನರ್ ಇಕ್ರಾಗೆ,

ನೀನು ಕೇಳಿದ್ದು ಒಂದೇ ಒಂದು ಪದ. ಆ ಪದವನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ನಿನ್ನ ಕಡೆ 'ಟೈಪಿಂಗ್' ಅಂತ ಕಾಣಿಸಿ ಕಾಣಿಸಿ ಮಾಯವಾಗಿರಬೇಕು. "ಏನೇ ಅದು, ಎಕ್ಸಾಂ ಬರೀತಿದೀಯಾ" ಅಂತ ನೀನು ಕಳಿಸಿದ್ದಕ್ಕೂ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿದ್ದರೆ ಬರಲಿ. ಕಾಗದದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಕಾಗದದಲ್ಲಿ ಅಳಿಸಿದರೆ ಕಲೆ ಉಳಿಯುತ್ತದೆ. ನಾನು ಎಲ್ಲೆಲ್ಲಿ ಹೆದರಿದೆ ಅಂತ ನಿನಗೆ ಗೊತ್ತಾಗುತ್ತದೆ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿದರೆ ಕನಕಪುರದಿಂದ ರಾಮನಗರಕ್ಕೆ ಬುಧವಾರದೊಳಗೆ ಬರುತ್ತದಂತೆ. ಶುಕ್ರವಾರಕ್ಕೆ ಮುಂಚೆ ನಿನ್ನ ಕೈ ಸೇರಬೇಕು, ಅಷ್ಟೇ.

ನಿನ್ನ ವಾಯ್ಸ್ ನೋಟ್ ಬಾಯಿಪಾಠ ಆಗಿಬಿಟ್ಟಿದೆ. ಹಿಂದೆ ಚರಕ ತಿರುಗುವ ಸದ್ದು, ನಡುವೆ ಒಂದು ಸಲ ನಿನ್ನ ಅಮ್ಮಿ ಕೆಮ್ಮುವುದು, ಮೇಲೆ ನಿನ್ನ ದನಿ: "ಲೇ ಭಾನು, ನೀ ಕಾಮರ್ಸ್ ಅಲ್ವೇನೇ, ಒಸಿ ನೋಡಿ ಹೇಳೇ. ಪಿ.ಇ. ಅಂತ ಏನೋ, ಸಿಕ್ಸ್ ಐತಂತೆ. ಸಿಕ್ಸ್ ಒಳ್ಳೇದಾ, ಕೆಟ್ದಾ? ಒಳ್ಳೇದು ಅಂದ್ರೆ ಅಬ್ಬಾ ಶೆಡ್ ಮಾರ್‍ಬುಟ್ಟು ಆ ಶೇರ್ ತಗೋತಾರೆ, ನಾವು ದಾವಣಗೆರೆಗೆ ಹೋಗ್ತೀವಿ. ಕೆಟ್ದು ಅಂದ್ರೆ ಮಾರಲ್ಲ, ಇಲ್ಲೇ ಇರ್ತೀವಿ. ನಂಗೇನು ಹೋಗೋಕೆ ಇಷ್ಟ ಇಲ್ಲ ಕಣೇ. ಯೆಸ್ಸಾ ನೋ ನಾ, ಅಷ್ಟೇ ಹೇಳು."

ಅಷ್ಟೇ ಅಂತೆ. ನಿನಗೆ ಎಲ್ಲವೂ ಅಷ್ಟೇ. ನನಗೆ ಯಾವುದೂ ಅಷ್ಟೇ ಆಗುವುದಿಲ್ಲ, ಅದು ನಿನಗೆ ಆರನೇ ಕ್ಲಾಸಿಂದ ಗೊತ್ತು.

ನನ್ನ ತಲೆಯಲ್ಲಿ ಗಂಟಾಗಿರುವುದನ್ನು ಮೊದಲು ಬಿಡಿಸಿಕೊಳ್ಳುತ್ತೇನೆ, ತಪ್ಪಿದ್ದರೆ ತಿದ್ದು. ನಿಮ್ಮ ರೇಷ್ಮೆ ನೂಲು ತೆಗೆಯುವ ಶೆಡ್ಡನ್ನು ಪಕ್ಕದ ಗೋಡೌನಿನ ದೊಡ್ಡಮುನಿಯಪ್ಪನವರು ಕೇಳುತ್ತಿದ್ದಾರೆ. ಶುಕ್ರವಾರ ನಮಾಜ್ ಮುಗಿದ ಮೇಲೆ ಅಡ್ವಾನ್ಸ್ ಹಿಡಿದುಕೊಂಡು ಬರುತ್ತಾರೆ. ಡಾಕ್ಟರು ಅಮ್ಮಿಗೆ ಗೂಡು ಬೇಯುವ ಹಬೆಯಿಂದ ದೂರ ಇರಿ ಅಂದಿದ್ದಾರೆ. ಅಮ್ಮಿಯ ಒಡಹುಟ್ಟು ಅಸ್ರಾ ಖಾಲಾ ದಾವಣಗೆರೆಯಿಂದ ಫೋನ್ ಮಾಡಿ ಮಾಡಿ, ಮನೆಯ ಹಿಂದಿನ ಭಾಗ ಖಾಲಿ ಇದೆ, ತಮ್ಮ ಬೇಕರಿಗೆ ನಂಬಿಕಸ್ಥರು ಬೇಕು, ಬನ್ನಿ ಅನ್ನುತ್ತಿದ್ದಾರೆ. ಅಬ್ಬಾ ಮಾತ್ರ ಒಪ್ಪುತ್ತಿರಲಿಲ್ಲ. ಶೆಡ್ ಹೋದರೆ ವರ್ಷವರ್ಷ ದುಡಿದು ತರುವುದು ಯಾವುದು ಅಂತ ಅವರ ಪ್ರಶ್ನೆ. ಆಗ ಮೊಬೈಲ್ ಅಂಗಡಿಯ ಮನು ತನ್ನ ಆ್ಯಪ್ ತೆಗೆದು ಹೊನ್ನೆಳೆ ಟೆಕ್ಸ್‌ಟೈಲ್ಸ್ ಅನ್ನುವ ಕಂಪನಿ ತೋರಿಸಿದ. ರೇಷ್ಮೆ ದಾರದ ಕಂಪನಿ. ಬೇರೆಯವುಗಳ ಮುಂದೆ ಇಪ್ಪತ್ತು, ಇಪ್ಪತ್ತೆರಡು ಅಂತ ಇದ್ದರೆ ಇದರ ಮುಂದೆ ಆರು. ಆ ಆರನ್ನು ನೋಡಿ ಅಬ್ಬಾ ಮುಖ ಬದಲಾಯಿತು ಅಂದೆಯಲ್ಲ, ಯಾಕೆ ಬದಲಾಯಿತು ಅಂತ ನನಗೆ ತಕ್ಷಣ ಗೊತ್ತಾಯಿತು. ನಿನಗೂ ಗೊತ್ತಾಗಿರುತ್ತದೆ.

ರೆಂಡಿಟಾ.

ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಅನ್ನುವ ಲೆಕ್ಕ. ಎಂಟು ಬೇಕಾದರೆ ಸುಮಾರು, ಏಳು ಬೇಕಾದರೆ ಒಳ್ಳೆಯದು. ಪಿಯುಸಿ ಓದುವಾಗ ಭಾನುವಾರಗಳಂದು ನಾನು ನಿಮ್ಮ ಮನೆಗೆ ಬಂದರೆ ಅಬ್ಬಾ ಮಾರ್ಕೆಟ್ಟಿನಿಂದ ತಂದ ಗೂಡನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಹೇಳು ಬೇಟಿ, ಎಷ್ಟು ಬರ್‍ತದೆ ರೆಂಡಿಟಾ" ಅಂತ ಕೇಳುತ್ತಿದ್ದರು. ನಾನು ಹೆದರಿ ಏನೋ ಒಂದು ನಂಬರ್ ಹೇಳುತ್ತಿದ್ದೆ. "ಆರು ಬಂತು ಅಂದ್ರೆ ಅದು ಗೂಡಲ್ಲಮ್ಮ, ಚಿನ್ನ. ತಲೆ ಮೇಲೆ ಇಟ್ಕೊಂಡ್ ಬರ್‍ಬೇಕು" ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಆ ಒಂದು ಸಂಖ್ಯೆಯನ್ನು ಕಡಿಮೆ ಮಾಡಲು ಒದ್ದಾಡಿದ ಮನುಷ್ಯನಿಗೆ ಯಾರೋ ಗಾಜಿನ ಮೇಲೆ ಆರು ತೋರಿಸಿದರೆ ಮುಖ ಬದಲಾಗದೆ ಇರುತ್ತದಾ? ಮೈಸೂರಲ್ಲೋ ಮಂಗಳೂರಲ್ಲೋ ಬೇರೆ ಯಾರಾದರೂ ಆಗಿದ್ದರೆ ಪಿ.ಇ. ಅಂದರೇನು ಅಂತ ಮೊದಲು ಕೇಳುತ್ತಿದ್ದರು. ನಮ್ಮ ಕಡೆಯವರಿಗೆ ಕೇಳುವ ಅಗತ್ಯವೇ ಬರಲಿಲ್ಲ. ಅದು ನಮಗೆ ಮೊದಲೇ ಗೊತ್ತಿರುವ ಹಾಗಿತ್ತು.

ನನಗೂ ಹಾಗೇ ಆಯಿತು ಕಣೇ. ನಮಗೆ ಫೈನಾನ್ಸ್ ತೆಗೆದುಕೊಳ್ಳುವ ನರೇಂದ್ರ ಸರ್ ಕ್ಲಾಸಿನಲ್ಲಿ, "ಪಿ.ಇ. ಲೋ ಇದ್ದರೆ ಏನರ್ಥ, ಯಾರು ಹೇಳ್ತೀರಾ" ಅಂದಾಗ ನಾನು ಎದ್ದು ನಿಂತುಬಿಟ್ಟೆ. ನಾನು, ಎದ್ದು ನಿಂತದ್ದು. ನೀನು ನಂಬುವುದಿಲ್ಲ. "ಗುಡ್ ಸರ್" ಅಂದೆ. ಸರ್ ನಗಲಿಲ್ಲ, "ಯಾವ ವರ್ಷಕ್ಕೆ ಹೋಲಿಸಿದರೆ ಗುಡ್" ಅಂದರು. ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಿವಿ ಬಿಸಿಯಾಗಿ ಕೂತುಕೊಂಡೆ. ಆಮೇಲೆ ಸರ್ ಎಲ್ಲರಿಗೂ ಒಂದೊಂದು ಕಂಪನಿ ಆರಿಸಿಕೊಂಡು ಹತ್ತು ವರ್ಷದ ಪಿ.ಇ. ಗ್ರಾಫ್ ಹಾಕಿ ತನ್ನಿ ಅಂದರು. ನಿನ್ನ ವಾಯ್ಸ್ ನೋಟ್ ಬಂದದ್ದು ಮಾರನೆಯ ದಿನ. ನಾನು ಹೊನ್ನೆಳೆಯನ್ನೇ ಬರೆಸಿದೆ.

ಲೆಕ್ಕಕ್ಕೆ ಹೋಗುವ ಮುಂಚೆ ಇಲ್ಲಿಯದು ಒಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲಿನದು ನಿನಗೆ ಅರ್ಥವಾಗುವುದಿಲ್ಲ. ನೀನು "ಹೇಗಿದೀಯೇ" ಅಂದಾಗಲೆಲ್ಲ "ಸೂಪರ್" ಅಂದಿದ್ದೇನೆ. ಸೂಪರ್ ಏನೂ ಇಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು, ಇನ್ನೊಂದು ಹಾಸ್ಟೆಲ್ ಏನು ಮಹಾ ಅಂದುಕೊಂಡು ಬಂದೆ. ತಟ್ಟೆ ತೊಳೆಯುವ ಕ್ಯೂ, ಒಣಗಿದ ಚಪಾತಿ, ಬಾತ್‌ರೂಮಿನ ಹೊರಗೆ "ಬೇಗ ಬಾರೇ" ಅನ್ನುವ ಕೂಗು, ಎಲ್ಲ ಅದೇ. ಆದರೆ ಮಾಗಡಿಯ ಶಾಲೆಯಲ್ಲಿ ಆ ಕ್ಯೂನಲ್ಲಿ ನನ್ನ ಹಿಂದೆ ನೀನಿರುತ್ತಿದ್ದೆ, ಸ್ನಾನಕ್ಕೆ ನಮ್ಮಿಬ್ಬರಿಗೂ ಒಂದೇ ಬಕೆಟ್. ನನ್ನ ರೂಮ್‌ಮೇಟ್ ಪದ್ಮಶ್ರೀ ಒಳ್ಳೆಯವಳೇ. ಇಯರ್‌ಫೋನ್ ಹಾಕಿಕೊಂಡು ಉಯ್ಯಂಬಳ್ಳಿಯ ತನ್ನ ಅಕ್ಕನ ಜೊತೆ ಮಾತಾಡುತ್ತಾ, ನನ್ನ ಕಡೆ ನೋಡಿ ನಗುತ್ತಾಳೆ. ನನಗೆ ನಕ್ಕಳೋ ಅಕ್ಕನಿಗೆ ನಕ್ಕಳೋ ಗೊತ್ತಾಗುವುದಿಲ್ಲ. ಅಪ್ಪ ಫೋನಿನಲ್ಲಿ "ಊಟ ಆಯ್ತೇನವ್ವ" ಅನ್ನುತ್ತಾರೆ, ಆಯಿತು ಅನ್ನುತ್ತೇನೆ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊತ್ತಾಯಿತು ಅಂತ ಇಡುತ್ತಾರೆ. ಕೆಲವು ದಿನ ಅಟೆಂಡೆನ್ಸ್‌ನಲ್ಲಿ ಬಿಟ್ಟರೆ ನನ್ನ ಹೆಸರನ್ನು ಯಾರೂ ಉಚ್ಚರಿಸುವುದೇ ಇಲ್ಲ. ಅಟೆಂಡೆನ್ಸ್‌ನಲ್ಲಿ ಅದು ಭಾನುಪ್ರಿಯ ಕೆ. ಭಾನು ಅಲ್ಲ, ಲೇ ಭಾನು ಅಂತೂ ಅಲ್ಲವೇ ಅಲ್ಲ.

ಭಾನುವಾರ ಎಲ್ಲರೂ ಊರಿಗೆ ಹೋದ ಮೇಲೆ ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ನನಗೇ ಕೇಳುತ್ತದೆ. ಆಗ ಮನಸ್ಸಿನಲ್ಲೇ ನಿಮ್ಮ ಓಣಿಗೆ ಬರುತ್ತೇನೆ. ಹೊಸಬರಾದರೆ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಬೆಂದ ಗೂಡಿನ ವಾಸನೆ ಅಂದರೆ ಬಿರಿಯಾನಿ, ನಿನ್ನ ತಮಾಷೆ, ಅಮ್ಮಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ "ಏನ್ ಕೂದ್ಲೇ ಇದು, ತೆಂಗಿನ ನಾರು" ಅಂತ ಬೈಯುವುದು. ಅವರ ಬೆರಳ ತುದಿ ಬಿಸಿನೀರಿನಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕಾಗಿರುತ್ತಿತ್ತು, ಆದರೂ ತಲೆಗೆ ಮೆತ್ತಗೆ.

ಸರಿ. ಲೆಕ್ಕ.

ಪಿ.ಇ. ಅಂದರೆ ಇಷ್ಟೇ. ಒಂದು ಶೇರಿನ ಬೆಲೆಯನ್ನು, ಆ ಶೇರು ಹೋದ ವರ್ಷ ದುಡಿದ ಲಾಭದಿಂದ ಭಾಗಿಸುವುದು. ವರ್ಷಕ್ಕೆ ಒಂದು ರೂಪಾಯಿ ದುಡಿಯುವುದಕ್ಕೆ ನಾವು ಎಷ್ಟು ರೂಪಾಯಿ ಕೊಡುತ್ತಿದ್ದೇವೆ ಅಂತ. ಹೊನ್ನೆಳೆಯ ಶೇರು ಇವತ್ತು ಇನ್ನೂರ ನಲವತ್ತು ರೂಪಾಯಿ. ಹೋದ ವರ್ಷ ಒಂದು ಶೇರಿನ ಲೆಕ್ಕಕ್ಕೆ ಬಂದ ಲಾಭ ನಲವತ್ತು. ಭಾಗಿಸಿದರೆ ಆರು. ಮನು ಸುಳ್ಳು ಹೇಳಿಲ್ಲ, ಆ್ಯಪೂ ಸುಳ್ಳು ಹೇಳಿಲ್ಲ.

ನಾನು ಲೈಬ್ರರಿಯಲ್ಲಿ ಕೂತು ಹಿಂದಿನ ವರ್ಷಗಳನ್ನು ಒಂದೊಂದಾಗಿ ಹಾಕುತ್ತಾ ಹೋದೆ. ಕೊರೋನಾ ವರ್ಷ, ನಾವಿಬ್ಬರೂ ಊರಿನಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದೆವಲ್ಲ, ಆಗ ಈ ಕಂಪನಿಗೆ ಶೇರಿಗೆ ಒಂದೇ ರೂಪಾಯಿ ಲಾಭ. ಶೇರಿನ ಬೆಲೆ ನೂರಹತ್ತು. ಅಂದರೆ ಪಿ.ಇ. ನೂರಹತ್ತು. ನಮ್ಮ ರೆಂಡಿಟಾ ತಲೆಗೆ ಅದು ಭಯಂಕರ ಕೆಟ್ಟದು, ಮುಟ್ಟಲೇಬಾರದು. ಆದರೆ ಮುಂದಿನ ಎರಡು ವರ್ಷದಲ್ಲಿ ನೂಲಿಗೆ ರೇಟು ಏರಿ ಲಾಭ ಇಪ್ಪತ್ತಾಯಿತು, ಶೇರು ಇನ್ನೂರಾಯಿತು. ಕೆಟ್ಟದ್ದರಲ್ಲಿ ಕೊಂಡವನ ದುಡ್ಡು ಹತ್ತಿರ ಹತ್ತಿರ ಡಬಲ್. ಆಗ ಪಿ.ಇ. ಬರೀ ಹತ್ತು, ಆಹಾ ಎಷ್ಟು ಚೆನ್ನಾಗಿದೆ ಅನ್ನಿಸುವ ಹಾಗೆ. ಆ ಹತ್ತನ್ನು ನೋಡಿ ಕೊಂಡವನ ಗತಿ ಕೇಳು: ಮಾರನೆಯ ವರ್ಷ ಲಾಭ ಎಂಟಕ್ಕೆ ಇಳಿಯಿತು, ಶೇರು ನೂರೈವತ್ತಕ್ಕೆ ಬಿತ್ತು. ಅವನ ನೂರು ರೂಪಾಯಿಯಲ್ಲಿ ಇಪ್ಪತ್ತೈದು ಹೋಯಿತು.

ಗ್ರಾಫ್ ಹಾಕಿದ ಮೇಲೆ ಅದನ್ನೇ ನೋಡುತ್ತಾ ಕೂತಿದ್ದೆ. ಸಂಖ್ಯೆ ಚೆನ್ನಾಗಿ ಕಾಣಿಸಿದ್ದು ಒಳ್ಳೆಯ ಕಾಲ ಮುಗಿಯುವಾಗ. ಕೆಟ್ಟದಾಗಿ ಕಾಣಿಸಿದ್ದು ಕೆಟ್ಟ ಕಾಲ ಮುಗಿಯುವಾಗ. ಎಲ್ಲ ಕಂಪನಿಗೂ ಹಾಗೇ ಅಂತಲ್ಲ, ಸರ್ ಅದನ್ನು ಒತ್ತಿ ಒತ್ತಿ ಹೇಳಿದರು. ಹೀಗೆ ಏರಿಳಿತ ಇರುವ ಧಂದೆಗಳಲ್ಲಿ ಹಾಗೆ. ಆ ಭಾಗಾಕಾರದಲ್ಲಿ ಮೇಲಿನ ಬೆಲೆ ಇವತ್ತಿನದು, ಕೆಳಗಿನ ಲಾಭ ಹೋದ ವರ್ಷದ್ದು. ಲಾಭ ಬಿದ್ದರೆ, ಬೆಲೆ ನಿಂತಲ್ಲೇ ನಿಂತರೂ ಪಿ.ಇ. ಏರುತ್ತದೆ. ಒಂದು ವರ್ಷದ್ದನ್ನು ಮಾತ್ರ ನೋಡಿದರೆ ಏನೂ ಕಾಣುವುದಿಲ್ಲ. ಅಬ್ಬಾಗೆ ಇದನ್ನು ಹೇಳುವಾಗ ಅವರದೇ ಮಾತಿನಲ್ಲಿ ಹೇಳು: ನಿನ್ನೆ ಬೇಯಿಸಿದ ಲಾಟಿನ ರೆಂಡಿಟಾ ಆರು ಬಂದಿರಬಹುದು, ಇವತ್ತು ಹರಾಜಿನಲ್ಲಿ ಹಿಡಿಯುತ್ತಿರುವುದು ಬೇರೆ ಲಾಟು.

ಇನ್ನೂ ಒಂದಿದೆ. ಹೋದ ವರ್ಷ ಲಾಭ ಇದ್ದಕ್ಕಿದ್ದಂತೆ ನಲವತ್ತು ಯಾಕಾಯಿತು ಅಂತ ನನಗೆ ಸಮಾಧಾನವೇ ಆಗಲಿಲ್ಲ. ನೂಲಿನ ರೇಟು ಹಾಗೇನೂ ಏರಿಲ್ಲ, ಅದು ನಿಮ್ಮ ಮನೆಗೂ ಗೊತ್ತು ನಮ್ಮ ಮನೆಗೂ ಗೊತ್ತು. ನರೇಂದ್ರ ಸರ್ ಬಳಿ ಹೋಗಿ ಬಾಗಿಲ ಹೊರಗೆ ನಿಂತೆ. ಒಳಗೆ ಕರೆಯುವವರೆಗೂ ನಿಂತಿದ್ದೆ. ಅವರು ಕಂಪನಿಯ ವಾರ್ಷಿಕ ವರದಿ ತೆರೆದು ಲಾಭದ ವಿವರ ತೋರಿಸಿದರು. ಎಲ್ಲರಿಗೂ ಕಾಣುವ ಜಾಗದಲ್ಲೇ ಇದೆ, ಬಚ್ಚಿಟ್ಟಿಲ್ಲ: ಬೈರಮಂಗಲದ ಹತ್ತಿರ ಅವರ ಹಳೆಯ ಜಮೀನು ಒಂದಿತ್ತಂತೆ, ಅದನ್ನು ಮಾರಿದ್ದಾರೆ. ನಲವತ್ತರಲ್ಲಿ ಇಪ್ಪತ್ತೆಂಟು ರೂಪಾಯಿ ಆ ಜಮೀನಿನದು. ದಾರದಿಂದ ಬಂದದ್ದು ಹನ್ನೆರಡು. ಇನ್ನೂರ ನಲವತ್ತನ್ನು ಹನ್ನೆರಡರಿಂದ ಭಾಗಿಸು. ಇಪ್ಪತ್ತು. ಬೇರೆ ಕಂಪನಿಗಳದು ಎಷ್ಟಿದೆಯೋ ಇದರದೂ ಅಷ್ಟೇ. ಜಮೀನನ್ನು ಮತ್ತೆ ಮತ್ತೆ ಮಾರಲು ಬರುವುದಿಲ್ಲವಲ್ಲ. ಮುಂದಿನ ವರ್ಷ ಆ ಆರು ಇರುವುದಿಲ್ಲ, ಇಕ್ರಾ. ಈಗಲೂ ಇಲ್ಲ.

ಹಾಗಾಗಿ ನೀನು ಕೇಳಿದ ಪದ: ನೋ. ಆರನ್ನು ನಂಬಿ ಆ ಶೇರು ಕೊಳ್ಳಬೇಡಿ ಅಂತ ಅಬ್ಬಾಗೆ ಹೇಳು.

ಇಲ್ಲಿಗೆ ಪತ್ರ ಮುಗಿಸಬಹುದಿತ್ತು. ಹೋದ ಬುಧವಾರವೇ ಆ ಪದ ನನ್ನ ಬಳಿ ತಯಾರಿತ್ತು, ಟೈಪ್ ಮಾಡಿ ಕಳಿಸಬೇಕಿತ್ತು, ಅಷ್ಟೇ. ಕಳಿಸಿದರೆ ಏನಾಗುತ್ತಿತ್ತು? ಅಬ್ಬಾ "ಸರಿ ಬಿಡು" ಅಂತ ದೊಡ್ಡಮುನಿಯಪ್ಪನವರನ್ನು ವಾಪಸ್ ಕಳಿಸುತ್ತಿದ್ದರು. ನೀವು ರಾಮನಗರದಲ್ಲೇ ಇರುತ್ತಿದ್ದಿರಿ. ನಾನು ಮುಂದಿನ ಭಾನುವಾರ ಬಸ್ ಹತ್ತಿ ಬರುತ್ತಿದ್ದೆ. ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಉತ್ತರ ನಿಜ. ಅದೇ ನನಗೆ ಭಯವಾಗಿದ್ದು. ಇಷ್ಟು ವರ್ಷದಲ್ಲಿ ಯಾವ ನಿಜವೂ ನನಗೆ ಇಷ್ಟು ಅನುಕೂಲವಾಗಿ ಬಂದಿರಲಿಲ್ಲ. ಲೈಬ್ರರಿಯಲ್ಲಿ ಇಪ್ಪತ್ತು ಅಂತ ಉತ್ತರ ಬಂದಾಗ ನಾನು ನಕ್ಕೆ ಕಣೇ, ಒಬ್ಬಳೇ. ಎದುರಿಗೆ ಕೂತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ನಿಮ್ಮ ದುಡ್ಡು ಉಳಿಯಿತು ಅಂತ ನಕ್ಕೆನಾ? ಇಲ್ಲ. ನೀನು ಉಳಿದೆ ಅಂತ ನಕ್ಕೆ.

ಆಮೇಲೆ ಸುಮ್ಮನಿರಲಾಗದೆ ಇನ್ನೊಂದು ಲೆಕ್ಕ ಮಾಡಿದೆ. ಯಾರೂ ಕೇಳಿರಲಿಲ್ಲ.

ಅಬ್ಬಾ ಕೊಳ್ಳುವುದರ ಪಿ.ಇ. ನೋಡಿದರು. ಮಾರುವುದರದ್ದು ಯಾರೂ ನೋಡಿಲ್ಲ. ಶೆಡ್ಡಿಗೆ ದೊಡ್ಡಮುನಿಯಪ್ಪನವರು ಹೇಳಿರುವುದು ಮೂವತ್ತು ಲಕ್ಷ ಅಂದೆ. ಎಲ್ಲ ಖರ್ಚು ಕಳೆದು ವರ್ಷಕ್ಕೆ ಉಳಿಯುವುದು ಮೂರು ಲಕ್ಷದ ಹತ್ತಿರ ಅಂತ ಹೋದ ರಂಜಾನಿನಲ್ಲಿ ನೀನೇ ಹೇಳಿದ್ದೆ. ಭಾಗಿಸಿದರೆ ಹತ್ತು ಆಯಿತು. ಪರವಾಗಿಲ್ಲ, ಮಾರದೆ ಇಟ್ಟುಕೊಳ್ಳಬಹುದು ಅನ್ನಿಸುವಂಥ ಹತ್ತು. ಅಲ್ಲಿಗೆ ನಿಲ್ಲಿಸಿಬಿಡಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಗೊತ್ತಾ.

ಆದರೆ ಹೊನ್ನೆಳೆಯ ವರದಿ ಓದಿಬಿಟ್ಟಿದ್ದೆನಲ್ಲ. ಅಲ್ಲಿ ಲಾಭ ಅನ್ನುವ ಮುಂಚೆ ಎಲ್ಲರ ಸಂಬಳ ಕಳೆಯುತ್ತಾರೆ. ವಾಚ್‌ಮ್ಯಾನಿಂದ ಹಿಡಿದು ಮೇಲೆ ಕೂತ ಡೈರೆಕ್ಟರವರೆಗೆ. ನಿಮ್ಮ ಶೆಡ್ಡಿನಲ್ಲಿ ಇಬ್ಬರ ಸಂಬಳವನ್ನು ಯಾರೂ ಯಾವತ್ತೂ ಕಳೆದಿಲ್ಲ. ಅಬ್ಬಾ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ಬಂದು ಒಲೆ ಮುಂದೆ ನಿಂತು, ನೂಲು ಮಾರಲು ಓಡುತ್ತಾರೆ. ಬದ್ರುನ್ನೀಸಾ ಅಮ್ಮಿ ಗೂಡು ನೆನೆಸಿ ಎಳೆ ತೆಗೆಯುವ ಬಿಸಿನೀರಿನ ಬೇಸಿನ್ ಮುಂದೆ ಕೂತರೆ ಸಂಜೆಗೇ ಏಳುವುದು. ಇಬ್ಬರೂ ಬೇರೆಯವರ ಶೆಡ್ಡಿನಲ್ಲಿ ಇಷ್ಟೇ ದುಡಿದಿದ್ದರೆ ವರ್ಷಕ್ಕೆ ಇಬ್ಬರಿಗೂ ಸೇರಿ ಆ ಮೂರು ಲಕ್ಷ ಕೂಲಿಯೇ ಬರುತ್ತಿತ್ತು. ಅದನ್ನು ಕಳೆದೆ. ಶೆಡ್ಡಿನ ಲಾಭ ಸೊನ್ನೆ. ಮೂವತ್ತು ಲಕ್ಷವನ್ನು ಸೊನ್ನೆಯಿಂದ ಭಾಗಿಸಿದರೆ ನನ್ನ ಕ್ಯಾಲ್ಕುಲೇಟರ್ 'ಎರರ್' ಅನ್ನುತ್ತದೆ.

ಸೊನ್ನೆ ದುಡಿಯುವ ವಸ್ತುವಿಗೆ ಒಬ್ಬರು ಮೂವತ್ತು ಲಕ್ಷ ಕೊಡುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಬೇಕಿರುವುದು ಬೇಸಿನ್ ಅಲ್ಲ, ಗೋಡೌನಿಗೆ ಸೇರಿಸಿಕೊಳ್ಳಲು ಜಾಗ. ಅದಕ್ಕೇ ಆ ಬೆಲೆ.

ಆಗಲೂ ನಾನು ಸೋಲಲಿಲ್ಲ, ಕೇಳು. ಕೊರೋನಾ ವರ್ಷದ ನೂರಹತ್ತು ನೆನಪಾಯಿತು. ಲಾಭ ಬಿದ್ದು ಹೋದಾಗಲೇ ಸಂಖ್ಯೆ ಕೆಟ್ಟದಾಗಿ ಕಾಣುವುದು, ಆಮೇಲೆ ಎದ್ದು ಬರುತ್ತದೆ ಅಂತ ಈಗ ತಾನೇ ಬರೆದೆನಲ್ಲ, ಶೆಡ್ಡೂ ಹಾಗೇ ಏಕಾಗಬಾರದು? ಇವತ್ತಿನದು ಮಾತ್ರ ನೋಡಬಾರದು, ವರ್ಷಗಳನ್ನು ನೋಡಬೇಕು. ನೋಡಿದೆ. ನಾವು ಆರನೇ ಕ್ಲಾಸಿನಲ್ಲಿದ್ದಾಗ ಎಂಟು ಬೇಸಿನ್ ಇದ್ದವು, ನೀನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಆರಾಯಿತು. ಪಿಯುಸಿಯಲ್ಲಿ ನಾನು ಬರುವಾಗ ನಾಲ್ಕು. ಈಗ ಮೂರು ಅಂದೆ. ನೂಲಿಗೆ ಒಳ್ಳೆಯ ರೇಟು ಬಂದ ಆ ವರ್ಷವೂ ಒಂದು ಬೇಸಿನ್ ಹೆಚ್ಚಾಗಲಿಲ್ಲ. ಲಾಭವೆಲ್ಲ ಆಟೋಮ್ಯಾಟಿಕ್ ಮಷೀನು ಹಾಕಿದವರ ಕಡೆಗೆ ಹೋಯಿತು. ಹೊನ್ನೆಳೆಯ ಗ್ರಾಫ್ ಬಿದ್ದು ಏಳುತ್ತದೆ. ನಿಮ್ಮದು ಒಂದೇ ಕಡೆ ಇಳಿಯುತ್ತಿದೆ. ಅದನ್ನು ಗೀಚಿದ ಕಾಗದವನ್ನು ಸರ್‌ಗೆ ತೋರಿಸಲಿಲ್ಲ. ಅಸೈನ್‌ಮೆಂಟಿನಲ್ಲಿ ಇದು ಇಲ್ಲವಲ್ಲ.

ಅಬ್ಬಾಗೆ ಶೆಡ್ ಅಂದರೆ ಬರೀ ಲಾಭ ಅಲ್ಲ ಅಂತ ನನಗೆ ಗೊತ್ತು. ನಮ್ಮನ್ನು ಶಾಲೆಗೆ ಸೇರಿಸುವ ದಿನ ಗೇಟಿನ ಹತ್ತಿರ ನಮ್ಮಿಬ್ಬರ ಅಪ್ಪಂದಿರು ಒಬ್ಬರನ್ನೊಬ್ಬರು ನೋಡಿ ನಿಂತರಲ್ಲ, ನೆನಪಿದೆಯಾ? ಹಿಂದಿನ ವಾರವಷ್ಟೇ ಮಾರ್ಕೆಟ್ಟಿನಲ್ಲಿ ಇಬ್ಬರಿಗೂ ಜಟಾಪಟಿ ಆಗಿತ್ತು. ನಮ್ಮಪ್ಪ ಕೆಂಪಯ್ಯ, ಅಷ್ಟು ಜನರ ಮುಂದೆ, "ಇವ್ರೇ ಕಣವ್ವ, ನಮ್ಮೂರು ಕೈಲಾಂಚದ ಗೂಡಿಗೆ ಮೂಗು ಮುರ್‍ದೋರು" ಅಂದರು. ಅಬ್ಬಾ ತಣ್ಣಗೆ, "ನಿಮ್ ಗೂಡು ಹಸಿ ಇತ್ತು ಸ್ವಾಮಿ. ಮಗಳು ಹಂಗಿಲ್ಲ ಬುಡಿ, ಚೆನ್ನಾಗವ್ಳೆ" ಅಂದರು. ಮಾರ್ಕೆಟ್ಟಿನಲ್ಲಿ ಮುಜೀಬ್ ಭಾಯ್ ಅಂದರೆ ಗೂಡು ಮುಟ್ಟಿ ನೋಡುವ ಮುಜೀಬ್ ಭಾಯ್. ದಾವಣಗೆರೆಯಲ್ಲಿ ಅವರು ಅಸ್ರಾ ಖಾಲಾ ಬೇಕರಿಯಲ್ಲಿರುವ ಒಬ್ಬರು. ಇದನ್ನು ಹಾಕಿಕೊಳ್ಳಲು ನನ್ನ ಲೆಕ್ಕದಲ್ಲಿ ಜಾಗವಿಲ್ಲ. ಜಾಗವಿಲ್ಲ ಅಂತ ಅದು ಇಲ್ಲವೆಂದಲ್ಲ. ಅದಕ್ಕೇ ಮಾರಿ ಅಂತ ನಾನು ಹೇಳುತ್ತಿಲ್ಲ, ಮಾರುವ ಬೆಲೆ ಒಳ್ಳೆಯದು ಅಂತ ಮಾತ್ರ ಹೇಳುತ್ತಿದ್ದೇನೆ. ಆದರೆ ವಾಯ್ಸ್ ನೋಟಿನ ಆ ಕೆಮ್ಮು ಇದೆಯಲ್ಲ, ಅದು ಎಷ್ಟು ವರ್ಷದ್ದು? ಎಂಟು ಬೇಸಿನ್ ಇದ್ದಾಗ ಅದು ಇರಲಿಲ್ಲ.

ಈ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಇದನ್ನೆಲ್ಲ ಎದುರಿಗೇ ಹೇಳೋಣ, ಬರೆಯುವುದೇಕೆ ಅಂತ. ರಾಮನಗರದ ಬಸ್ ಬಂದು ನಿಂತಿತು, ಹತ್ತಿ ಕಿಟಕಿ ಪಕ್ಕ ಕೂತೆ. ಕೂತು ಮನಸ್ಸಿನಲ್ಲೇ ರಿಹರ್ಸಲ್ ಮಾಡಿದೆ. ನೀನು ಬಾಗಿಲು ತೆಗೆದು "ಬಂದ್ಬುಟ್ಯಾ, ಭಯದ ಡಬ್ಬಿ" ಅನ್ನುತ್ತೀಯ, ಅಮ್ಮಿ ತಟ್ಟೆ ಇಡುತ್ತಾರೆ, ಅಬ್ಬಾ "ಹೇಳು ಬೇಟಿ, ಸಿಕ್ಸ್ ಹೆಂಗೆ" ಅನ್ನುತ್ತಾರೆ. ನಾನು "ಬೇಡ ಅಬ್ಬಾ" ಅನ್ನುತ್ತೇನೆ. ನಿನ್ನ ಮುಖ ಅರಳುತ್ತದೆ. ಅದಾದ ಮೇಲೆ ಎರಡನೆಯ ಲೆಕ್ಕವನ್ನು ನನ್ನ ಬಾಯಿಂದ ಯಾರು ಹೊರಡಿಸುತ್ತಾರೆ? ಹೊರಡುವುದಿಲ್ಲ. ನನ್ನ ಬಾಯಿ ನನಗೆ ಗೊತ್ತು. ಕಂಡಕ್ಟರ್ ಬರುವ ಮುಂಚೆ ಇಳಿದುಬಿಟ್ಟೆ. "ಯಾಕಮ್ಮ, ಬಸ್ ತಪ್ಪಾಯ್ತಾ" ಅಂತ ಕೇಳಿದರು. ಹೂಂ ಅಂದೆ.

ವಾಪಸ್ ಬಂದು ಈ ಖಾಲಿ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೇಳುವುದನ್ನು ಹೇಳಿಯೇ ಬಿಡುತ್ತೇನೆ, ಆಮೇಲೆ ಧೈರ್ಯ ಇರುವುದಿಲ್ಲ. ನೀನು ಹೋಗಬೇಡ ಅನ್ನುವ ಆಸೆ ನನಗಿದೆ. ಬೆಟ್ಟದಷ್ಟಿದೆ. ನೀನು ಹೋದರೆ ಈ ಜಿಲ್ಲೆಯಲ್ಲಿ ನನ್ನನ್ನು ಬೈಯುವವರು ಯಾರೂ ಉಳಿಯುವುದಿಲ್ಲ. ಊರಿನಲ್ಲಿ ಅಪ್ಪನಿಗೆ ಸೊಪ್ಪು, ಹುಳು ಬಿಟ್ಟು ಪುರುಸೊತ್ತಿಲ್ಲ, ಭಾನುವಾರಕ್ಕೆ ಹೋಗಲು ಇನ್ನೊಂದು ಮನೆ ಇರುವುದಿಲ್ಲ. ಈಗ ಹೋಗದಿದ್ದರೂ ಹೋಗಬಹುದು ಅನ್ನುವ ಧೈರ್ಯದಲ್ಲಿ ವಾರ ಕಳೆಯುತ್ತೇನೆ, ಅದೂ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಆಸೆ ಎಲ್ಲಾದರೂ ನುಸುಳಿದೆಯಾ ಅಂತ ಎರಡು ಸಲ ಹುಡುಕಿದೆ. ಮೊದಲನೆಯ ಲೆಕ್ಕದಲ್ಲಿ ನುಸುಳಲು ಜಾಗವಿತ್ತು, ಆದರೆ ಅದು ಆಸೆ ಇಲ್ಲದೆಯೂ ಹಾಗೇ ಬರುತ್ತದೆ. ಎರಡನೆಯದು ನನ್ನ ಆಸೆಗೆ ತದ್ವಿರುದ್ಧ ಬಂದಿದೆ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ನಂಬಿಕೆ.

ಆದರೂ ನಾನು ಫಸ್ಟ್ ಇಯರ್. ಇಂಟರ್ನಲ್ಸ್‌ನಲ್ಲಿ ಅರ್ಧಕ್ಕಿಂತ ಒಸಿ ಮೇಲೆ, ಅಷ್ಟೇ. ನನ್ನ ಒಬ್ಬಳ ಮಾತಿನ ಮೇಲೆ ಶುಕ್ರವಾರ ಏನೂ ಮಾಡಬೇಡಿ. ಅಬ್ಬಾಗೆ ಮನಸ್ಸಿದ್ದರೆ ನರೇಂದ್ರ ಸರ್ ಫೋನಿನಲ್ಲಿ ಮಾತಾಡುತ್ತಾರೆ, ಕೇಳಿದ್ದೇನೆ. ಶೆಡ್ ಮಾರಿದರೂ ಆ ದುಡ್ಡನ್ನು ಮರುದಿನವೇ ಯಾವುದಕ್ಕೂ ಸುರಿಯುವ ಅವಸರವಿಲ್ಲವಂತೆ. ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟು, ಬೇಕರಿಯಲ್ಲಿ ಒಂದು ವರ್ಷ ಕೂತು, ಆಮೇಲೆ ಯೋಚಿಸಬಹುದಂತೆ. ದುಡ್ಡು ಸುಮ್ಮನೆ ಕೂತರೆ ಕರಗುತ್ತದೆ ಅಂತ ಅಬ್ಬಾ ಅನ್ನುತ್ತಾರೆ. ಸ್ವಲ್ಪ ಕರಗಲಿ. ಆರನ್ನು ನಂಬಿ ಹಾಕಿದ್ದಕ್ಕಿಂತ ನಿಧಾನವಾಗಿಯೇ ಕರಗುತ್ತದೆ.

ಈ ಪತ್ರವನ್ನು ಅಬ್ಬಾಗೆ ನೀನೇ ಓದಿ ಹೇಳಬೇಕು. ಕನ್ನಡ ಓದುವುದು ಅವರಿಗೆ ನಿಧಾನ, ಕನ್ನಡಕ ಹುಡುಕುವುದು ಅದಕ್ಕಿಂತ ನಿಧಾನ. ಅಡುಗೆಮನೆಯಲ್ಲಿ ಅಮ್ಮಿಯೂ ಇರುವಾಗ ಓದು. ಹೊನ್ನೆಳೆಯದನ್ನು ಓದು, ಅಲ್ಲಿಗೆ ಅವರು "ಹಾಗಾದ್ರೆ ಬೇಡ ಬಿಡು" ಅಂದು ಎದ್ದರೆ ಕೂರಿಸಿ ಶೆಡ್ಡಿನದನ್ನೂ ಓದು. ನಿನ್ನನ್ನು ನಾನು ಬಲ್ಲೆ. ಆ ಪುಟ ಮಡಚಿ ಜೇಬಿಗೆ ಹಾಕಿಕೊಂಡು "ಇಷ್ಟೇ ಬರ್‍ದವ್ಳೆ ಅಬ್ಬಾ" ಅಂದುಬಿಡಲು ನಿನಗೆ ಕೈ ತುರಿಸುತ್ತದೆ. ನನಗೋಸ್ಕರ ಹಾಗೆ ಮಾಡಬೇಡ. ನೀನು ಓದದೆ ಬಿಟ್ಟರೆ ನನಗೆ ಯಾರೂ ಹೇಳಬೇಕಾಗಿಲ್ಲ, ಗೊತ್ತಾಗಿಬಿಡುತ್ತದೆ, ಯಾಕೆಂದರೆ ನೀನು ಇಲ್ಲೇ ಇರುತ್ತೀಯ. ಆಮೇಲೆ ಪ್ರತಿ ಭಾನುವಾರ ನಿಮ್ಮ ಮನೆಯಲ್ಲಿ ಕೂತು ಆ ಕೆಮ್ಮು ಕೇಳುತ್ತಾ ನಾನು ಊಟ ಮಾಡಬೇಕಾಗುತ್ತದೆ.

ಅಮ್ಮಿಯ ಉಸಿರು ಹಗುರವಾಗಲಿ. ದಾವಣಗೆರೆಯ ನೀರು ನಿನ್ನ ಮೈಗೆ ಹಿಡಿಸಲಿ, ಅಲ್ಲಿ ಯಾರಾದರೂ ಒಬ್ಬರು ಮೊದಲ ವಾರವೇ ನಿನ್ನನ್ನು ಲೇ ಅಂತ ಕರೆಯುವ ಹಾಗಾಗಲಿ.

ಓದು, ಪೂರ್ತಿ ಓದು.

ನಿನ್ನ,
ಭಾನು